ಕಲ್ಲು ಬಂದ ದಾರಿ

ಮಲಪ್ರಭೆಯ ದಂಡೆಯಲ್ಲಿ ಒಂದು ಸಣ್ಣ ಆಶ್ರಮ. ಅಲ್ಲೊಬ್ಬರು ಸ್ವಾಮಿಗಳಿದ್ದರು. ಪೀಠದ ಹೆಸರು ಏನೋ ದೊಡ್ಡದಿತ್ತು, ಸುತ್ತಲಿನ ಊರವರಿಗೆ ಅವರು ಬರೀ ಅಜ್ಜಾರು.

ಕಾವಿ ಉಡುವ ಮೊದಲು ಮೂವತ್ತು ವರ್ಷ ಕಾಲೇಜಿನಲ್ಲಿ ಲೆಕ್ಕ ಕಲಿಸಿದವರು. ಉಟ್ಟ ಮೇಲೂ ಆ ಚಾಳಿ ಬಿಡಲಿಲ್ಲ. ಯಾರಾದರೂ ಪಾದ ಮುಟ್ಟಲು ಬಂದರೆ ಕಾಲು ಹಿಂದಕ್ಕೆಳೆದುಕೊಂಡು, “ಅದಿರಲಿ, ಏನು ಸಂಶಯ ಐತಿ ಅದನ್ನ ಹೇಳು” ಅನ್ನುತ್ತಿದ್ದರು.

ಶಿಷ್ಯನ ಹೆಸರು ಮುರಿಗೆಪ್ಪ. ವಯಸ್ಸು ಮೂವತ್ತರ ಆಸುಪಾಸು. ಜಾಣ. ತಾನು ಜಾಣ ಅಂತ ಅವನಿಗೂ ಗೊತ್ತಿತ್ತು, ತೊಂದರೆ ಇದ್ದದ್ದೇ ಅಲ್ಲಿ.

ಶಿವರಾತ್ರಿಗೆ ಇನ್ನು ಹದಿನೈದು ದಿನ ಇದ್ದಾಗ, ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಆಕಾಶದಲ್ಲಿ ಬೆಂಕಿಯ ಉಂಡೆಯೊಂದು ಓಡಿತು. ಹೊಳೆಯ ನೀರೆಲ್ಲ ಬೆಳ್ಳಗಾಯಿತು. ಸ್ವಲ್ಪ ಹೊತ್ತಿನ ಮೇಲೆ ಮೂರು ಸಲ ಗುಡುಗಿತು. ಮೋಡದ ಚೂರೂ ಇರಲಿಲ್ಲ.

ಮೂರನೆಯ ದಿನ ಎಂಟು ಮೈಲಿ ಆಚೆಯ ಊರಿನಿಂದ ಚನ್ನಮಲ್ಲಪ್ಪನೆಂಬ ನೇಕಾರ ಬಂದ. ಕೈಯಲ್ಲೊಂದು ಗಂಟು. ಬಿಚ್ಚಿದರೆ ಎರಡು ಮುಷ್ಟಿ ಗಾತ್ರದ ಕಲ್ಲು, ಹೊತ್ತಿದ ರೊಟ್ಟಿಯ ಹಾಗೆ ಕರ್ರಗಿತ್ತು.

“ಅಜ್ಜಾರ, ಇದು ನಮ್ಮ ಹಂಚು ಒಡಕೊಂಡು ಬಂತು. ಮಗನ ಮಗ್ಗದ ಕುಣಿಯೊಳಗ ಬಿತ್ತು.”

ಅವರದು ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಹಲಗೆಯ ಮೇಲೆ ಕೂತು, ಅದರೊಳಗೆ ಕಾಲು ಇಳಿಬಿಟ್ಟು ನೇಯುವುದು. ಕೂತವನು ತಟ್ಟನೆ ಏಳುವ ಹಾಗಿಲ್ಲ.

“ಮಗ?” ಅಂದರು ಅಜ್ಜಾರು.

“ನೀರು ಕುಡ್ಯಾಕ ಅಂತ ಎದ್ದು ಹೋಗಿದ್ದನಂತ. ಉಳಕೊಂಡ.”

“ಹಂಗಾದ್ರ ಛಲೋ ಆತಲ್ಲೋ.”

“ಎಲ್ಲಿ ಛಲೋ ಬಿಡ್ರಿ! ಸೊಸಿ ಮನಿ ಹೊಕ್ಕು ಅವತ್ತಿಗೆ ಮೂರು ದಿನ. ಊರಾಗ ಮುನ್ನೂರು ಮನಿ ಅದಾವ. ಮುನ್ನೂರು ಬಿಟ್ಟು ನಮ್ಮ ಮನಿ ಮ್ಯಾಲ ಬಿತ್ತು ಅಂದ್ರ ಏನರ್ಥ? ಆಕಿ ಕಾಲ್ಗುಣ ಸರಿಯಿಲ್ಲ. ನಾ ಒಬ್ಬನ ಅಲ್ಲ, ಊರಿಗೆ ಊರ ಅಂತೈತಿ.”

“ಈಗೇನು ಮಾಡಬೇಕಂತೀ?”

“ಶಿವರಾತ್ರಿ ದಿನ ತವರಿಗೆ ಬಿಟ್ಟು ಬರತೀವಿ. ಕಾಯಂ.”

“ಎಲ್ಲಾ ನೀವ ನಿರ್ಧಾರ ಮಾಡೀರಲ್ಲ. ನನ್ನ ಕಡೆ ಯಾಕ ಬಂದಿ?”

ಚನ್ನಮಲ್ಲಪ್ಪ ತಲೆ ತಗ್ಗಿಸಿದ. ಕೆಟ್ಟ ಮನುಷ್ಯ ಅಲ್ಲ, ಪಾಪ, ಹೆದರಿದ ಮನುಷ್ಯ.

“ಮನಸ್ಸು ತಡೀಲಿಲ್ರಿ. ಇದು ಎಲ್ಲಿಂದ ಬಂತು ಅಂತ ನೀವು ಹೇಳ್ರಿ. ಒಳ್ಳೇ ಕಡಿಂದ ಬಂದಿದ್ರ ಇಟ್ಟು ಪೂಜಿ ಮಾಡತೀವಿ. ಕೆಟ್ಟ ಕಡಿಂದ ಬಂದಿದ್ರ ಆಕಿನ್ನ ಕಳಸತೀವಿ.”

“ಶಿವರಾತ್ರಿ ತನಕ ಪುರಸೊತ್ತು ಕೊಡು. ಅಲ್ಲೀತನಕ ಆಕಿಗೆ ಯಾರೂ ಏನೂ ಅನಬ್ಯಾಡ್ರಿ.”

ನೇಕಾರ ಹೋದ. ಮುರಿಗೆಪ್ಪ ಸಿಡಿಮಿಡಿಗುಟ್ಟಿದ.

“ಇದು ಉಲ್ಕೆಯ ಕಲ್ಲು ಅಜ್ಜಾರ. ಇದಕ್ಕೂ ಕಾಲ್ಗುಣಕ್ಕೂ ಏನು ಸಂಬಂಧ? ಒಂದು ಮಾತು ಹೇಳಿ ಕಳಸಬಹುದಿತ್ತು.”

“ಹೇಳಿದ್ರ ನಂಬತಿದ್ದನೇನು?”

“ಇಲ್ಲ.”

“ನೀ ನಂಬೀ ಏನು?”

“ನಂಬದ ಏನು? ಓದೀನಿ.”

“ಓದಿದ್ದು ನಾ ಕೇಳಲಿಲ್ಲ. ಈ ಕಲ್ಲು, ನಿನ್ನ ಮುಂದ ಇರೋ ಈ ಕಲ್ಲು, ಯಾವ ದಾರಿ ಹಿಡದು ಬಂತು?”

ಮುರಿಗೆಪ್ಪ ಕಲ್ಲನ್ನು ಕೈಗೆತ್ತಿಕೊಂಡು ಹೊರಳಿಸಿ ನೋಡಿದ.

“ಹೋಗು, ಕೇಳಿಕೊಂಡು ಬಾ.”

“ಯಾರನ್ನ?”

“ಕಂಡವರನ್ನ.”

ಮುರಿಗೆಪ್ಪ ಸೈಕಲ್ ಹತ್ತಿದ. ನಾಲ್ಕು ದಿನ, ಹನ್ನೊಂದು ಊರು. ಎಲ್ಲ ಊರಲ್ಲೂ ಕಂಡವರಿದ್ದರು. ಹೋದಲ್ಲೆಲ್ಲ ಮೊದಲ ಪ್ರಶ್ನೆ ಒಂದೇ: “ಎಲ್ಲಿ ಬಿತ್ತು?”

ಒಂದೂರಿನವರು, “ಇಲ್ಲೇರಿ, ನಮ್ಮ ಕೆರಿ ಏರಿ ಹಿಂದ” ಅಂದರು. ಮುಂದಿನ ಊರಿನವರು, “ಎಲ್ಲಿ ಕೆರಿ! ನಮ್ಮ ಗೌಡರ ತ್ವಾಟದಾಗ ಬಿದ್ದೈತಿ” ಅಂದರು. ಇನ್ನೊಂದು ಊರಲ್ಲಿ ಒಬ್ಬ ಪುಣ್ಯಾತ್ಮ ತನ್ನ ಹೊಲವನ್ನು ಮೊಳಕಾಲುದ್ದ ಅಗೆದಿಟ್ಟು, “ನಾಳೆ ಸಿಗತೈತಿ ನೋಡ್ರಿ, ಇವತ್ತ ಬಂದೀರಿ” ಅಂತ ಬೇಜಾರು ಮಾಡಿಕೊಂಡ.

ಐದನೆಯ ದಿನ ಬೆಳಿಗ್ಗೆ ಮುರಿಗೆಪ್ಪ ಸೈಕಲ್ಲನ್ನು ಗೋಡೆಗೆ ಒರಗಿಸಿ, ಧೂಳು ಕೂಡ ಝಾಡಿಸದೆ ಒಳಗೆ ಬಂದ.

“ಸುಳ್ಳುಬುರುಕರು ಅಜ್ಜಾರ, ಎಲ್ಲಾರೂ! ಒಂದು ಕಲ್ಲು ಹನ್ನೊಂದು ಊರಾಗ ಬಿದ್ದೈತಿ.”

“ನೀ ಏನು ಕೇಳಿದಿ?”

“ಎಲ್ಲಿ ಬಿತ್ತು ಅಂತ ಕೇಳಿದೆ.”

“ಬಿದ್ದದ್ದು ನಮ್ಮ ಮನಿಯೊಳಗ ಐತಿ. ಅದನ್ನ ಯಾಕ ಊರೂರು ತಿರುಗಿ ಕೇಳಿದಿ?”

ಮುರಿಗೆಪ್ಪ ಈಗ ಧೂಳು ಝಾಡಿಸತೊಡಗಿದ.

ಅಜ್ಜಾರು ಎದ್ದು ಅಂಗಳಕ್ಕೆ ಬಂದರು. ನಡುವೆ ಒಂದು ಗಳ ನೆಟ್ಟು ಅದರ ತುದಿಗೆ ಗಡಿಗೆ ಬೋರಲು ಹಾಕಿದರು.

“ಬಾಗಲಾಗ ನಿಂತು ನೋಡು. ಗಡಗಿ ಯಾವ ಗಿಡದ ಮ್ಯಾಲ ಐತಿ?”

“ಬೇವಿನ ಗಿಡದ ಮ್ಯಾಲ.”

“ಬಾವಿ ಕಟ್ಟಿಗೆ ಹೋಗಿ ನೋಡು.”

“ಹುಣಸಿ ಗಿಡದ ಮ್ಯಾಲ.”

“ಎರಡರಾಗ ಸುಳ್ಳು ಯಾವುದು?”

“ಯಾವುದೂ ಅಲ್ಲ.” ಮುರಿಗೆಪ್ಪ ಅಲ್ಲೇ ನಿಂತುಬಿಟ್ಟ. “ನಿಂತ ಜಾಗಾ ಬ್ಯಾರೆ ಬ್ಯಾರೆ.”

ಅಜ್ಜಾರು ಬಾಗಿಲಿನಿಂದ ಬೇವಿನ ಗಿಡಕ್ಕೆ ಒಂದು ದಾರ ಎಳೆದರು, ಬಾವಿಯಿಂದ ಹುಣಸೆ ಗಿಡಕ್ಕೆ ಇನ್ನೊಂದು. ಎರಡೂ ಗಡಿಗೆಯ ಹತ್ತಿರ ಒಂದನ್ನೊಂದು ಮುಟ್ಟಿದವು.

“ನೀವು ಎಲ್ಲಿ ನಿಂತಿದ್ರಿ ಅಂತ ಕೇಳಬೇಕಿತ್ತು,” ಅಂದ ಮುರಿಗೆಪ್ಪ. ಮುಖ ಸಣ್ಣದಾಗಿತ್ತು.

“ಮತ್ತ?”

“ಎಷ್ಟು ಹೊತ್ತು ಕಂಡಿತು ಅಂತ ಕೇಳಿದ್ದೆ. ಒಬ್ಬ ಅರ್ಧಾ ತಾಸು ಅಂದ.”

“ಹೊತ್ತು ಕೇಳಬ್ಯಾಡ. ಏನು ಮಾಡತಿದ್ರಿ ಅಂತ ಕೇಳು. ಅದನ್ನ ಅಲ್ಲೇ ನಿಂತು ಇನ್ನೊಮ್ಮೆ ಮಾಡಿ ತೋರಸಂತ ಹೇಳು. ಬಾಯಿ ಮರೀತೈತಿ, ಮೈ ಮರಿಯೂದಿಲ್ಲ.”

ಮತ್ತೆ ಸೈಕಲ್. ಈ ಸಲ ಜೊತೆಗೆ ದಾರದ ಉಂಡೆ, ಗೂಟ, ಕೋನ ಅಳೆಯುವ ಹಲಗೆ, ಕೈಗಡಿಯಾರ.

ಈಗ ನೋಡಿ ಜನ ಹೇಗೆ ಬದಲಾದರು! ಒಬ್ಬ ಹೆಂಗಸು ಎಮ್ಮೆ ಹಿಂಡುತ್ತಿದ್ದಳಂತೆ. ಅದೇ ಜಾಗದಲ್ಲಿ ಕುಕ್ಕರುಗಾಲಲ್ಲಿ ಕೂತು, ಚರಿಗೆಯನ್ನು ಮೊಳಕಾಲ ನಡುವೆ ಹಿಡಿದು ತೋರಿಸಿದಳು. “ಕೊಟ್ಟಿಗಿ ಈ ತೊಲಿ ಕಡಿಂದ ಬಂತು, ಆ ತೊಲಿ ಹಿಂದ ಹೋತು. ನಡುವ ಒಂಬತ್ತು ಸಲ ಹಿಂಡಿದೆ.” ಮುರಿಗೆಪ್ಪ ಗಡಿಯಾರ ನೋಡಿದ. ಏಳು ಸೆಕೆಂಡು.

ಕ್ಷೌರ ಮಾಡುವ ಹಡಪದವನೊಬ್ಬ ಗಿರಾಕಿಯನ್ನೇ ಕರೆತಂದು ಕೂರಿಸಿದ. “ಇವರ ಗದ್ದ ಹಿಂಗ ಎತ್ತಿ ಹಿಡದಿದ್ದೆ. ಕತ್ತಿ ಇಲ್ಲಿತ್ತು. ನೋಡ್ರಿ, ಕೊಯ್ದ ಕಲಿ ಇನ್ನೂ ಐತಿ.” ಗಿರಾಕಿ ಗದ್ದ ಎತ್ತಿದ. ಗದ್ದದ ನೇರಕ್ಕೆ ದಾರ ಕಟ್ಟಿದ್ದಾಯಿತು.

ಹೀಗೆ ನಲವತ್ಮೂರು ಮಂದಿ. ಒಬ್ಬರೂ ಸುಳ್ಳು ಹೇಳಿರಲಿಲ್ಲ. ಮುರಿಗೆಪ್ಪನಿಗೆ ನಾಚಿಕೆಯಾಯಿತು, ಖುಷಿಯೂ ಆಯಿತು.

ಆಶ್ರಮದ ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಊರುಗಳನ್ನು ಬರೆದರು. ಒಂದೊಂದು ಊರಿಗೂ ಮೊಳೆ ಹೊಡೆದು ಕಂಡವರು ತೋರಿದ ದಿಕ್ಕಿಗೆ ದಾರ ಎಳೆದರು. ಈಶಾನ್ಯದಿಂದ ಇಳಿದು ಬರುವ ಒಂದು ದಾರಿ ಮೆಲ್ಲಗೆ ಮೂಡಿತು. ಮೂಡಿತು, ಆದರೆ ಮಸುಕು. ಬೆರಳಗಲದ ಜಾಗದಲ್ಲಿ ಅತ್ತಲೂ ಇರಬಹುದು, ಇತ್ತಲೂ ಇರಬಹುದು.

“ನೆಲದ ಮ್ಯಾಲ ಬೆರಳಷ್ಟು ತಪ್ಪಿದ್ರ ಆಕಾಶದಾಗ ಲಕ್ಷಗಟ್ಟಲೆ ಮೈಲಿ ತಪ್ಪತೈತಿ,” ಅಂದರು ಅಜ್ಜಾರು. “ಬಿದ್ದ ಮನಿಯವರು ಏನು ಕಂಡರು?”

“ಅವರನ್ನ ಕೇಳಿಲ್ಲ. ಮಾವ ಸಂತಿಗೆ ಹೋಗಿದ್ದ, ಅತ್ತಿ ಗುಡಿಗೆ ಹೋಗಿದ್ದಳು, ಮಗ ಒಳಗ ಮಗ್ಗದ ಕುಣಿಯೊಳಗಿದ್ದ.”

“ಮತ್ತ ಮನಿಯೊಳಗ ಇನ್ನ ಯಾರಿದ್ರು?”

ಮುರಿಗೆಪ್ಪ ಹೇಳಿದ, “ಆಕಿ.”

“ಆಕಿನ್ನ ಯಾರಾದರೂ ಕೇಳ್ಯಾರೇನು?”

“ಬೈದಾರ ಅಜ್ಜಾರ. ಕೇಳಿಲ್ಲ.”

ಶಿವರಾತ್ರಿಗೆ ಇನ್ನು ಮೂರೇ ದಿನ.

ಸೊಸೆಯ ಹೆಸರು ನೀಲವ್ವ. ಹತ್ತೊಂಬತ್ತು ಇಪ್ಪತ್ತರ ಹುಡುಗಿ. ನೂಲು ಮುಟ್ಟಬೇಡ ಅಂದಿದ್ದರಂತೆ, ಹಿತ್ತಲಲ್ಲಿ ಬರಿಗೈಯಲ್ಲಿ ಕೂತಿದ್ದಳು. ನೇಕಾರರ ಮನೆಯಲ್ಲಿ ಬರಿಗೈಯಲ್ಲಿ ಕೂರುವುದು ಅಂದರೆ ಏನು ಅಂತ ನೇಕಾರರಿಗೇ ಗೊತ್ತು.

“ನಾ ಏನೂ ನೋಡಿಲ್ರಿ,” ಅಂದಳು, ಮುರಿಗೆಪ್ಪ ಬಾಯಿ ತೆರೆಯುವ ಮೊದಲೇ.

“ನೋಡಿದ್ದು ಬ್ಯಾಡವ್ವಾ. ಆ ಹೊತ್ತಿನ್ಯಾಗ ಏನು ಮಾಡತಿದ್ದಿ?”

“ಒಣಗಿದ ಬಟ್ಟಿ ತಗೀತಿದ್ದೆ.”

“ಅದನ್ನ ಮಾಡಿ ತೋರಸು.”

ನೀಲವ್ವ ಹಗ್ಗದ ಕೆಳಗೆ ಹೋಗಿ ನಿಂತಳು. ಕೈ ಮೇಲೆತ್ತಿದಳು. ಕತ್ತು ಮೇಲಾಯಿತು. ಅಲ್ಲೇ ನಿಂತುಬಿಟ್ಟಳು.

“ಅಲ್ಲಿ. ಮನಿ ಮೂಲಿ ಮ್ಯಾಲ. ಚುಕ್ಕಿ ಇದ್ದಂಗಿತ್ತು.”

“ಯಾವ ಕಡೆ ಓಡಿತು?”

“ಓಡಲಿಲ್ರಿ. ಅಲ್ಲೇ ನಿಂತಿತ್ತು. ನಿಂತಲ್ಲೇ ದೊಡ್ಡದಾತು.”

“ಸರಿಯಾಗಿ ನೆನಪು ಮಾಡಿಕೋ ತಂಗಿ. ಎಲ್ಲಾರೂ ಓಡಿತು ಅಂದಾರ.”

“ನಿಂತಿತ್ರಿ!” ಅವಳ ದನಿ ಒಡೆಯಿತು. “ನನ್ನ ನೋಡಿಕೋತ ನಿಂತಿತ್ತು. ಅದಕ್ಕ ನಾ ಯಾರ ಮುಂದೂ ಹೇಳಿಲ್ಲ. ಅದು ನನ್ನ ಸಂಬಂಧ ಬಂದದ್ದರಿ. ಅವರು ಅನ್ನೂದು ಖರೇ ಐತಿ.”

ಅಳು ನಿಲ್ಲುವ ತನಕ ಮುರಿಗೆಪ್ಪ ಕಾದ. ಹತ್ತು ದಿನದ ಹಿಂದಿನ ಮುರಿಗೆಪ್ಪ ಆಗಿದ್ದರೆ ಕಾಯುತ್ತಿರಲಿಲ್ಲ.

“ಆಮ್ಯಾಲ ಏನು ಮಾಡಿದಿ?”

“ಹೆದರಿ ಕೂಗಿದೆ.”

“ಏನಂತ?”

ಸೆರಗು ಮುಖದ ಮೇಲೆ ಬಂತು. “ಅವರ ಹೆಸರು ಹಿಡದು.”

ಆ ಕಡೆ ಹೆಂಡತಿಯಾದವಳು ಗಂಡನ ಹೆಸರು ಹೇಳುವುದಿಲ್ಲ. ಸರಕಾರದವರು ಬಂದು ಕೇಳಿದರೂ ಪಕ್ಕದ ಮನೆಯವಳ ಕೈಯಲ್ಲಿ ಹೇಳಿಸುತ್ತಾಳೆ. ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಅನ್ನುವ ನಂಬಿಕೆ. ಇವಳು ಮೂರನೆಯ ದಿನಕ್ಕೇ ಹಿತ್ತಲಲ್ಲಿ ನಿಂತು ‘ರುದ್ರಪ್ಪಾ’ ಅಂತ ಕಿರುಚಿದ್ದಳು.

“ಬೈಕೋತ ಎದ್ದು ಹೊರಗ ಬಂದರು. ಅವ್ವ ಕೇಳಿದ್ರ ಏನಂದಾಳು, ಬುದ್ಧಿ ಐತೇನು ಅಂದರು. ಅಷ್ಟರಾಗ ಬೆಳಕು ಆರಿತ್ತು. ಮ್ಯಾಲ ಹೊಗಿ ಗೆರಿ ಇತ್ತು, ಅದನ್ನ ನೋಡಿಕೋತ ಇಬ್ಬರೂ ನಿಂತಿವಿ. ಗುಡುಗಿತು. ಒಳಗ ಹೋಗಾಕ ಅವರು ಕಾಲು ಎತ್ತಿದ್ರು, ಹಂಚು ಒಡದದ್ದು ಕೇಳಿತು.”

“ನೀರು ಕುಡ್ಯಾಕ ಎದ್ದಿದ್ದ ಅಂತ ಹೇಳ್ಯಾನಲ್ಲ?”

“ನನ್ನ ಉಳಸಾಕ ಹಂಗ ಹೇಳ್ಯಾರ್ರೀ.”

ಮುರಿಗೆಪ್ಪ ದಾರ ಕಟ್ಟಿ, ಕೋನ ಅಳೆದು, ಬರೆದುಕೊಂಡು ಬಂದ. ದಾರಿಯುದ್ದಕ್ಕೂ ಅವನ ಮನಸ್ಸು ಸರಿ ಇರಲಿಲ್ಲ.

“ಆ ಹುಡುಗಿ ಮಾತು ಕೂಡೂದಿಲ್ಲ ಅಜ್ಜಾರ. ನಲವತ್ಮೂರು ಮಂದಿ ಓಡಿತು ಅಂದಾರ. ಆಕಿ ಒಬ್ಬಾಕಿ ನಿಂತಿತ್ತು ಅಂತಾಳ. ಹೆದರಿಕಿಯೊಳಗ ಹಂಗ ಕಂಡಿರಬೇಕು. ಲೆಕ್ಕದಿಂದ ತಗದುಬಿಡೂಣು.”

ಅಜ್ಜಾರು ದಾರದ ಉಂಡೆ ಕೈಗೆತ್ತಿಕೊಂಡರು. ಅವನ ಕಣ್ಣ ಮುಂದೆ ಈ ಗೋಡೆಯಿಂದ ಆ ಗೋಡೆಗೆ ಎಸೆದರು.

“ಏನು ಮಾಡಿತು?”

“ಓಡಿತು.”

ಎದ್ದು ಹೋಗಿ ಉಂಡೆ ತಂದರು. ಎದುರಿಗೆ ನಿಂತು ಸೀದಾ ಅವನ ಮುಖಕ್ಕೇ ಬೀಸಿದರು. ಅದು ಮೂಗಿಗೆ ಬಡಿಯಿತು.

“ಈಗ ಏನು ಮಾಡಿತು?”

ಮುರಿಗೆಪ್ಪ ಮೂಗು ತಿಕ್ಕಿಕೊಂಡ. ತಿಕ್ಕುತ್ತಿದ್ದ ಕೈ ನಿಂತಿತು.

“ನಿಂತಿತ್ತು ಅಜ್ಜಾರ. ನಿಂತಲ್ಲೇ ದೊಡ್ಡದಾತು.”

“ನಲವತ್ಮೂರು ಮಂದಿ ಕಲ್ಲು ಹೋಗೂದನ್ನ ನೋಡ್ಯಾರ. ಬರೂದನ್ನ ನೋಡಿದಾಕಿ ಆಕಿ ಒಬ್ಬಾಕಿ.”

ನೀಲವ್ವ ತೋರಿದ ದಿಕ್ಕಿಗೆ ದಾರ ಎಳೆದರು. ಮಸುಕಾಗಿದ್ದ ದಾರಿಯ ನಟ್ಟ ನಡುವೆ ಅದು ಹಾದುಹೋಯಿತು. ಬೆರಳಗಲದ ಅನುಮಾನ ಎಳೆಯಗಲಕ್ಕೆ ಇಳಿಯಿತು. ಅಯ್ಯೋ, ಮುರಿಗೆಪ್ಪ ಚಿಕ್ಕ ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದ!

ಎರಡು ದಿನ ಗುರು ಶಿಷ್ಯರು ಊಟದ ಹೊತ್ತೂ ಮರೆತು ಲೆಕ್ಕ ಹಾಕಿದರು. ಎಮ್ಮೆ ಹಿಂಡಿದವಳ ಏಳು ಸೆಕೆಂಡಿನಿಂದ ವೇಗ ಸಿಕ್ಕಿತು. ಭೂಮಿ ತನ್ನ ಕಡೆಗೆ ಎಳೆದದ್ದನ್ನು ಕಳೆದರು. ಭೂಮಿ ತಾನೇ ಓಡುವುದನ್ನೂ ಕಳೆದರು. ಉಳಿದ ದಾರಿಯನ್ನು ಹಿಂದಕ್ಕೆ, ಇನ್ನೂ ಹಿಂದಕ್ಕೆ ಬರೆಯುತ್ತ ಹೋದರು.

ಕೊನೆಯ ಹಾಳೆ ಮುಗಿಸಿ ಮುರಿಗೆಪ್ಪ ತಲೆ ಎತ್ತಿದ. ಖುಷಿ ಇಳಿದಿತ್ತು.

“ಆಕಿ ಕಡೆಗೇ ಬಂತು ಅನ್ನೂದು ಇದರಾಗ ಬರತೈತಿ. ಮಾವಗ ಗೊತ್ತಾದ್ರ ಆಕಿ ಗತಿ ಏನು? ಮುಚ್ಚಿಡೂಣೇನ್ರಿ?”

“ಮುಚ್ಚಿಟ್ರ ಲೆಕ್ಕ ಬರತೈತೇನು?”

“ಇಲ್ಲ.”

“ಹಂಗಾದ್ರ ಹೇಳೂಣು.”

ಶಿವರಾತ್ರಿಯ ದಿನ ಬೆಳಿಗ್ಗೆ ಎತ್ತಿನ ಗಾಡಿ ಬಂತು. ಗಾಡಿಯಲ್ಲಿ ನೀಲವ್ವ ಇದ್ದಳು, ಅವಳ ಟ್ರಂಕೂ ಇತ್ತು. ರುದ್ರಪ್ಪ ಯಾರ ಮುಖವನ್ನೂ ನೋಡದೆ ಎತ್ತು ಬಿಚ್ಚಿ, ನೀರು ಕುಡಿಸಲು ಹೊಳೆಗೆ ಹೊಡೆದುಕೊಂಡು ಹೋದ. ನೀರು ದೂರ ಹೋಗಿತ್ತು, ಮರಳಿನ ಆಚೆ ಅವನು ಬೆರಳಷ್ಟು ಕಾಣುತ್ತಿದ್ದ.

ಚನ್ನಮಲ್ಲಪ್ಪ ಪಡಸಾಲೆಗೆ ಬಂದು ನೆಲದ ಮೇಲಿನ ದಾರಗಳನ್ನು ನೋಡಿ ಬೆರಗಾದ.

“ಯಾರು ನೇಯಾಕ ಹಾಸು ಹೂಡ್ಯಾರ ಇಲ್ಲಿ?”

“ಹನ್ನೆರಡು ಊರಿನವರು ಕೂಡಿ ಹೂಡ್ಯಾರ,” ಅಂದರು ಅಜ್ಜಾರು. “ನಿನ್ನ ಮನಿ ಇಲ್ಲಿ. ಕಲ್ಲು ಬಂದ ದಾರಿ ಇದು. ಹಿಂದಕ್ಕ ಹೋದ್ರ ಮಂಗಳ ಗ್ರಹಾನೂ ದಾಟತೈತಿ.”

“ಮಂಗಳ!” ಮುದುಕ ಎದೆ ಹಿಡಿದುಕೊಂಡ. “ನಾ ಅಂದಿದ್ದೆ. ಹುಡುಗಿಗೆ ಕುಜದೋಷ ಐತಿ, ಬೀಗರು ಮುಚ್ಚಿಟ್ಟಾರ.”

“ಪೂರಾ ಕೇಳು ಮಾರಾಯಾ. ಅದರ ಆಚೆ, ಗುರು ಗ್ರಹದ ಈಚೆ, ಬಯಲು ಐತಿ. ಅಲ್ಲಿ ಇಂಥಾ ಕಲ್ಲು ಎಣಿಸಾಕ ಆಗಲಾರದಷ್ಟು ತಿರುಗತಾವ. ಇದು ಅಲ್ಲಿಂದ ಬಂತು. ಅಲ್ಲಿಂದ ಹೊರಟಾಗ ನಿನ್ನ ಊರು ಇರಲಿಲ್ಲ, ಮಗ್ಗ ಇರಲಿಲ್ಲ, ಹೆಣ್ಣು ಕೊಡೋರು ತರೋರು ಯಾರೂ ಇರಲಿಲ್ಲ. ಈ ಹೊಳೀನೂ ಇತ್ತೋ ಇಲ್ಲೋ.”

ಚನ್ನಮಲ್ಲಪ್ಪ ಬಹಳ ಹೊತ್ತು ದಾರ ನೋಡಿದ. ದಾರದ ಭಾಷೆ ಅವನಿಗೆ ಅರ್ಥವಾಗುತ್ತಿತ್ತು, ಸುಳ್ಳು ಎಳೆ ಒಂದೂ ಕಾಣಲಿಲ್ಲ.

“ಆದರೂ ಅಜ್ಜಾರ, ಆ ದಿನಾನ, ಆ ಹೊತ್ತಿಗೇ, ನಮ್ಮ ಮನಿ ಮ್ಯಾಲ...”

“ಕಲ್ಲು ಎಲ್ಲಿಂದ ಬಂತು ಅಂತ ಕೇಳಿದಿ, ಹೇಳಿದೆ. ನಿನ್ನ ಮಗ ಕುಣಿಯೊಳಗಿಂದ ಎದ್ದು ಯಾಕ ಬಂದ ಅಂತ ನೀ ಕೇಳಲೇ ಇಲ್ಲ.”

“ನೀರು ಕುಡ್ಯಾಕ.”

ಅಜ್ಜಾರು ಬಾಗಿಲ ಹತ್ತಿರ ನಿಂತಿದ್ದ ನೀಲವ್ವನ ಕಡೆ ತಿರುಗಿದರು. “ಹೇಳತೀ ಏನವ್ವಾ? ಒಲ್ಲೆ ಅಂದ್ರ ಬಿಡು, ಜುಲುಮೆ ಇಲ್ಲ.”

ನೀಲವ್ವ ಗಾಡಿಯ ಕಡೆ ನೋಡಿದಳು. ಟ್ರಂಕು ಹೇಗೂ ಕಟ್ಟಿ ಆಗಿತ್ತು. ಹೆದರಲು ಇನ್ನೇನು ಉಳಿದಿತ್ತು?

“ನಾ ಕೂಗಿದೆ ಮಾವಾರ. ಬೆಂಕಿ ನನ್ನ ಕಡೆ ಬರೂದು ಕಂಡು ಅವರ ಹೆಸರು ಹಿಡದು ಕೂಗಿದೆ. ಬೈಯಾಕ ಅಂತ ಎದ್ದು ಬಂದರು. ನೀರು ಕುಡ್ಯಾಕ ಅಲ್ಲ.”



ಚನ್ನಮಲ್ಲಪ್ಪನ ಕಣ್ಣು ಕಲ್ಲಿನ ಮೇಲೆ ನೆಟ್ಟಿತ್ತು. “ಅವ ಕುಂದ್ರೋ ಹಲಗಿ ಎರಡು ಹೋಳಾಗಿತ್ತು,” ಅಂದ, ತನಗೇ ಹೇಳಿಕೊಳ್ಳುವವನ ಹಾಗೆ. “ನಡುವ ಸೀಳಿತ್ತು. ನಾನ ತಗದು ಹೊರಗ ಒಗದೆ.”

ಅಲ್ಲೇ ಕೂತ. ಗಂಡಸು ಅಳಬಾರದು ಅಂತ ಜೀವಮಾನವೆಲ್ಲ ಅಂದುಕೊಂಡವ, ಹೆಗಲ ಮೇಲಿನ ವಲ್ಲಿ ಬಾಯಿಗೆ ಒತ್ತಿಕೊಂಡು ಹೋ ಅಂತ ಅತ್ತುಬಿಟ್ಟ.

“ಯವ್ವಾ, ನಾ ಏನು ಮಾಡಾಕ ಹೊಂಟಿದ್ದೆ! ನಿನ್ನ ಕೈಗೆ ನೂಲು ಕೊಡಬ್ಯಾಡ ಅಂದೆ. ನನ್ನ ಕೂಸಿನ್ನ ಉಳಿಸಿದ ಹುಡುಗಿನ್ನ ಗಾಡಿ ಹತ್ತಿಸಿದೆನಲ್ಲವ್ವಾ!”

“ಅಳಬ್ಯಾಡ್ರಿ ಮಾವಾರ,” ಅಂದಳು ನೀಲವ್ವ. ತಾನೂ ಅಳುತ್ತಲೇ ಇದ್ದಳು. ಮುರಿಗೆಪ್ಪ ಮುಖ ಆಚೆ ತಿರುಗಿಸಿಕೊಂಡು ನೆಲದ ಮೇಲಿನ ಮೊಳೆಗಳನ್ನು ಸುಮ್ಮಸುಮ್ಮನೆ ಎಣಿಸಿದ.

ಸ್ವಲ್ಪ ಹೊತ್ತಾದ ಮೇಲೆ ಮುದುಕ ಕಣ್ಣೊರೆಸಿಕೊಂಡು ಎದ್ದ.

“ಗಾಡಿ ತಿರುಗಿಸೂಣು. ಹಬ್ಬದ ದಿನ, ಮನಿ ಸೊಸಿ ಮನಿಯೊಳಗ ಇರಬೇಕು.”

ದಡದ ಅಂಚಿಗೆ ಹೋಗಿ, ಎರಡೂ ಕೈ ಬಾಯಿಗೆ ಕಟ್ಟಿಕೊಂಡು, ಮರಳಿನ ಆಚೆ ನಿಂತ ಮಗನನ್ನು ಕರೆಯಲು ಉಸಿರು ತುಂಬಿಕೊಂಡ.

ಅಜ್ಜಾರು ಅವನ ರಟ್ಟೆ ಹಿಡಿದರು.

“ನೀ ಸುಮ್ಮನ ನಿಂದ್ರು. ಆಕಿ ಕರೀಲಿ, ಹೆಸರು ಹಿಡದು.”